ಜೋಡಿಸಿದ ಆರೋಗ್ಯ ದತ್ತಾಂಶ ಮತ್ತು ಸಮಗ್ರ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಹಲವು ಕಡೆ ಚದುರಿ ಬಿದ್ದಿರುವ ದಾಖಲೆಗಳನ್ನು ಜೋಡಿಸಿ, ಅದರ ಆಧಾರದ ಮೇಲೆ ಇಡೀ ಪ್ರದೇಶದ ಜನರ ಆರೋಗ್ಯವನ್ನು ಸುಧಾರಿಸುವ ಕೆಲಸಕ್ಕೆ ಕೈಹಾಕಿದೆ. ಅಲ್ಲಿ ನೆಲೆಸಿರುವ ಕನ್ನಡಿಗರು, ಅಲ್ಲಿನ ಆಸ್ಪತ್ರೆ ಮತ್ತು ಆರೈಕೆ ಮನೆಗಳಲ್ಲಿ ದುಡಿಯುತ್ತಿರುವವರು, ದೂರದಿಂದಲೇ ಈ ಬೆಳವಣಿಗೆಯನ್ನು ಗಮನಿಸುತ್ತಿರುವವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳು ಇಲ್ಲಿವೆ.

ಜೋಡಿಸಿದ ದತ್ತಾಂಶ ಎಂದರೆ ಏನು?

ಒಂಟಿಯಾಗಿ ಬದುಕುತ್ತಿರುವ 78 ವರ್ಷದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಅವರಿಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವುದು ಅವರ ಜಿಪಿಗೆ, ಅಂದರೆ ಕುಟುಂಬ ವೈದ್ಯರಿಗೆ ಗೊತ್ತು. ಕಳೆದ ಚಳಿಗಾಲದಲ್ಲಿ ಎರಡು ಬಾರಿ ಜಾರಿ ಬಿದ್ದದ್ದು ಆಂಬುಲೆನ್ಸ್ ಸೇವೆಗೆ ಗೊತ್ತು. ಎರಡು ಸಲವೂ ಆಸ್ಪತ್ರೆಗೆ ಬರಲು ಅವರು ಒಪ್ಪದಿದ್ದರಿಂದ ಆ ಸುದ್ದಿ ಅಲ್ಲಿಗೇ ನಿಂತಿತು. ತಾಯಿಯ ಸ್ನಾನಕ್ಕೆ ಯಾರಾದರೂ ನೆರವಾಗಬೇಕೆಂದು ಮಗಳು ಅರ್ಜಿ ಹಾಕಿರುವುದು ಸ್ಥಳೀಯ ಆಡಳಿತದ ಸಾಮಾಜಿಕ ಆರೈಕೆ ವಿಭಾಗಕ್ಕೆ ಗೊತ್ತು. ಮನೆಯ ಗೋಡೆ ತೇವ ಹಿಡಿದಿರುವುದು ವಸತಿ ವಿಭಾಗಕ್ಕೆ ಗೊತ್ತು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಹಾಳೆ ಇದೆ. ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಿದರೆ, ಈ ಮಹಿಳೆ ಮುಂದಿನ ಚಳಿಗಾಲದಲ್ಲಿ ಸೊಂಟದ ಮೂಳೆ ಮುರಿದುಕೊಳ್ಳಬಹುದು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆ ಹಾಳೆಗಳನ್ನು ಒಟ್ಟಿಗೆ ಇಡುವ ಕೆಲಸಕ್ಕೆ ದತ್ತಾಂಶ ಜೋಡಣೆ ಎಂದು ಹೆಸರು.

ಈ ಆಲೋಚನೆ ಹೊಸದೇನೂ ಅಲ್ಲ. ಹುಟ್ಟಿನಿಂದ ಸಾವಿನವರೆಗೆ ಪ್ರತಿ ವ್ಯಕ್ತಿಯೂ ಒಂದು ಬಾಳಿನ ಪುಸ್ತಕ ಬರೆಯುತ್ತಾನೆ, ಚದುರಿದ ಅದರ ಪುಟಗಳನ್ನು ಹೊಲಿಯುವುದೇ ದಾಖಲೆ ಜೋಡಣೆ ಎಂದು ಅಮೆರಿಕದ ಅಂಕಿಅಂಶ ತಜ್ಞ ಹಾಲ್ಬರ್ಟ್ ಡನ್ 1946ರಲ್ಲೇ ವಿವರಿಸಿದ್ದರು.

ಎನ್‌ಎಚ್‌ಎಸ್ ಒಂದೇ ಸಂಸ್ಥೆಯಲ್ಲವೇ? ಮಾಹಿತಿ ಮೊದಲೇ ಒಂದೆಡೆ ಇರಬೇಕಿತ್ತಲ್ಲ?

ಹೊರಗಿನಿಂದ ಒಂದೇ ಹೆಸರು, ಒಳಗೆ ಸಾವಿರಾರು ಮನೆಗಳು. 1948ರ ಜುಲೈ 5ರಂದು ಈ ಸೇವೆ ಆರಂಭವಾದಾಗಲೇ ಆಸ್ಪತ್ರೆಗಳು ಒಂದು ಕಡೆ, ಜಿಪಿಗಳು ಇನ್ನೊಂದು ಕಡೆ, ಸ್ಥಳೀಯ ಆಡಳಿತ ಮತ್ತೊಂದು ಕಡೆ ಎಂದು ಪಾಲಾಗಿತ್ತು. ಬಹುಪಾಲು ಜಿಪಿ ಕೇಂದ್ರಗಳು ಇಂದಿಗೂ ಗುತ್ತಿಗೆಯ ಮೇಲೆ ಸೇವೆ ನೀಡುವ ಸ್ವತಂತ್ರ ಘಟಕಗಳು. ಅವರ ದಾಖಲೆಗಳು ಹೆಚ್ಚಾಗಿ ಇಎಂಐಎಸ್ ಅಥವಾ ಟಿಪಿಪಿ ಕಂಪನಿಗಳ ತಂತ್ರಾಂಶದಲ್ಲಿವೆ. ಆಸ್ಪತ್ರೆಗಳಲ್ಲಿ ಬೇರೆಯವೇ ಇವೆ. ಸಾಮಾಜಿಕ ಆರೈಕೆ ಎನ್‌ಎಚ್‌ಎಸ್‌ನ ಭಾಗವೇ ಅಲ್ಲ. ಎನ್‌ಎಚ್‌ಎಸ್ ಚಿಕಿತ್ಸೆ ಬಹುಮಟ್ಟಿಗೆ ಉಚಿತ, ಸಾಮಾಜಿಕ ಆರೈಕೆಗೆ ಆದಾಯ ಮತ್ತು ಆಸ್ತಿಯ ಪರಿಶೀಲನೆ ಇದೆ. ಹಣ ಬರುವ ದಾರಿ ಬೇರೆ, ಕಾನೂನು ಬೇರೆ, ಆದ್ದರಿಂದ ಕಡತಗಳೂ ಬೇರೆ.

ಸಮಗ್ರ ಆರೈಕೆ ವ್ಯವಸ್ಥೆ ಇದನ್ನು ಹೇಗೆ ಬದಲಿಸುತ್ತದೆ?

2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆಯಡಿ, ಆ ವರ್ಷದ ಜುಲೈ 1ರಿಂದ ಇಂಗ್ಲೆಂಡನ್ನು 42 ಸಮಗ್ರ ಆರೈಕೆ ವ್ಯವಸ್ಥೆಗಳಾಗಿ ವಿಂಗಡಿಸಲಾಯಿತು. ಆಸ್ಪತ್ರೆ, ಜಿಪಿ, ಮಾನಸಿಕ ಆರೋಗ್ಯ ಸೇವೆ, ಸ್ಥಳೀಯ ಆಡಳಿತ, ಸ್ವಯಂಸೇವಾ ಸಂಘಟನೆಗಳು ಒಂದೇ ಮೇಜಿನ ಸುತ್ತ ಕುಳಿತು ತಮ್ಮ ಪ್ರದೇಶದ ಜನರ ಆರೋಗ್ಯಕ್ಕೆ ಒಟ್ಟಾಗಿ ಹೊಣೆ ಹೊರಬೇಕು ಎಂಬುದು ಇದರ ಆಶಯ. ಮೇಜೇನೋ ಒಂದಾಯಿತು. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕದ ಪುಸ್ತಕ ಹಿಡಿದು ಕುಳಿತರೆ ಮಾತು ಮುಂದೆ ಸಾಗುವುದಿಲ್ಲ. ಜೋಡಿಸಿದ ದತ್ತಾಂಶಕ್ಕೆ ಇಷ್ಟು ಮಹತ್ವ ಬಂದದ್ದು ಈ ಕಾರಣದಿಂದ.

ಎರಡು ದಾಖಲೆಗಳು ಒಬ್ಬರವೇ ಎಂದು ತಿಳಿಯುವುದು ಹೇಗೆ?

ಸುಲಭದ ದಾರಿ ಎನ್‌ಎಚ್‌ಎಸ್ ಸಂಖ್ಯೆ. ಅದು 10 ಅಂಕಿಗಳದು. ಕೊನೆಯ ಅಂಕಿ ಮೊದಲ ಒಂಬತ್ತರ ತಾಳೆ ನೋಡಲು ಇರುವುದರಿಂದ ಬರೆಯುವಾಗ ತಪ್ಪಿದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಎರಡೂ ಕಡೆ ಆ ಸಂಖ್ಯೆ ಇದ್ದರೆ ಜೋಡಣೆ ನೇರ.

ಸಂಖ್ಯೆ ಇಲ್ಲದಿದ್ದಾಗ ಹೆಸರು, ಜನ್ಮದಿನಾಂಕ, ಲಿಂಗ, ಅಂಚೆ ಸಂಕೇತಗಳನ್ನು ಹೋಲಿಸಿ ಸಂಭವನೀಯತೆಯ ಲೆಕ್ಕ ಹಾಕುತ್ತಾರೆ. ಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಆಲನ್ ಸಂಟರ್ 1969ರಲ್ಲಿ ಕೊಟ್ಟ ಗಣಿತವೇ ಇಂದಿಗೂ ಇದರ ಬುನಾದಿ. ಅಪರೂಪದ ಹೆಸರು ಹೊಂದಿಕೆಯಾದರೆ ಹೆಚ್ಚು ತೂಕ, ಎಲ್ಲೆಡೆ ಸಿಗುವ ಹೆಸರು ಹೊಂದಿಕೆಯಾದರೆ ಕಡಿಮೆ ತೂಕ. ತೂಕಗಳನ್ನೆಲ್ಲ ಕೂಡಿಸಿ ಒಂದು ಮಿತಿ ದಾಟಿದರೆ ಇಬ್ಬರೂ ಒಬ್ಬರೇ ಎಂದು ಒಪ್ಪುವುದು.

ಇಲ್ಲಿ ಕೈತಪ್ಪುವವರು ಯಾರು ಎಂಬುದನ್ನು ಕೇಳಲೇಬೇಕು. ಪದೇ ಪದೇ ಮನೆ ಬದಲಿಸುವ ಬಡವರು, ಹೆಸರಿಡುವ ಮುನ್ನವೇ ದಾಖಲಾದ ಹಸುಗೂಸುಗಳು, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದು ಕಡೆ ಒಂದೊಂದು ಕಾಗುಣಿತ ಪಡೆಯುವ ವಲಸಿಗರ ಹೆಸರುಗಳು. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಹೊತ್ತ ನಮ್ಮವರು ಅಲ್ಲಿನ ಅರ್ಜಿಯಲ್ಲಿ ಕುಟುಂಬದ ಹೆಸರು ಎಂಬ ಖಾನೆಯ ಮುಂದೆ ತಡವರಿಸುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಜೋಡಣೆಯ ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಆದ್ದರಿಂದ ಶೇಕಡಾ ಎಷ್ಟು ದಾಖಲೆಗಳು ಹೊಂದಿಕೆಯಾದವು ಎಂಬ ಒಂದೇ ಅಂಕಿಗೆ ತೃಪ್ತರಾಗಬೇಡಿ. ಹೊಂದಿಕೆಯಾಗದವರ ವಯಸ್ಸು, ಬಡಾವಣೆ, ಜನಾಂಗೀಯ ಹಿನ್ನೆಲೆ ಏನೆಂದು ಕೇಳಿ.

ಜನಸಮುದಾಯದ ಆರೋಗ್ಯ ಎಂಬುದು ರೋಗಿಯ ಚಿಕಿತ್ಸೆಗಿಂತ ಹೇಗೆ ಭಿನ್ನ?

ವೈದ್ಯರು ಎದುರಿಗೆ ಬಂದವರನ್ನು ನೋಡುತ್ತಾರೆ. ಜನಸಮುದಾಯದ ಆರೋಗ್ಯ ಬಾರದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವೇಲ್ಸಿನ ಗಣಿ ಪ್ರದೇಶದ ಗ್ಲಿನ್‌ಕೊರ್ಗ್ ಹಳ್ಳಿಯಲ್ಲಿ ಜಿಪಿಯಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಇದನ್ನು 1971ರಲ್ಲಿ ಒಂದು ನಿಯಮವಾಗಿ ಹೇಳಿದರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಅರ್ಧ ಶತಮಾನ ಕಳೆದರೂ ಈ ಮಾತು ಹಳೆಯದಾಗಿಲ್ಲ ಎಂಬುದೇ ನೋವಿನ ಸಂಗತಿ. 2021ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ರೂಪಿಸಿದ ಕೋರ್20ಪ್ಲಸ್5 ಎಂಬ ಚೌಕಟ್ಟು ಇದೇ ಅಂತರವನ್ನು ಗುರಿಯಾಗಿಸಿಕೊಂಡಿದೆ: ದೇಶದ ಅತಿ ಹಿಂದುಳಿದ ಶೇಕಡಾ 20ರಷ್ಟು ಜನ, ಅವರ ಜೊತೆಗೆ ಆಯಾ ಪ್ರದೇಶ ಗುರುತಿಸಿದ ವಂಚಿತ ಗುಂಪುಗಳು, ಮತ್ತು ಹೆರಿಗೆ ಸೇವೆ, ತೀವ್ರ ಮಾನಸಿಕ ಕಾಯಿಲೆ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್‌ನ ಆರಂಭಿಕ ಪತ್ತೆ, ರಕ್ತದೊತ್ತಡದ ಪತ್ತೆ ಎಂಬ ಐದು ಕ್ಷೇತ್ರಗಳು.

ಜೋಡಿಸಿದ ದತ್ತಾಂಶದಿಂದ ನಿಜವಾಗಿ ಏನಾದರೂ ಸಿಕ್ಕಿದೆಯೇ?

ಸಿಕ್ಕಿದೆ. ಕೋವಿಡ್ ಕಾಲದ ಓಪನ್‌ಸೇಫ್ಲಿ ಎಂಬ ಸಂಶೋಧನಾ ವ್ಯವಸ್ಥೆ ಅದಕ್ಕೆ ಒಳ್ಳೆಯ ಸಾಕ್ಷಿ. 2020ರಲ್ಲಿ ಅದರ ತಂಡ 1.7 ಕೋಟಿಗೂ ಹೆಚ್ಚು ವಯಸ್ಕರ ಜಿಪಿ ದಾಖಲೆಗಳನ್ನು ಕೋವಿಡ್ ಸಾವಿನ ದಾಖಲೆಗಳ ಜೊತೆ ಜೋಡಿಸಿ ನೋಡಿತು. ವಯಸ್ಸು, ಪುರುಷರಾಗಿರುವುದು, ಬಡತನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ತಿಳಿಯಿತು. ಕಪ್ಪು ವರ್ಣೀಯರು ಮತ್ತು ದಕ್ಷಿಣ ಏಷ್ಯಾ ಮೂಲದವರಿಗೆ ಇದ್ದ ಹೆಚ್ಚಿನ ಅಪಾಯಕ್ಕೆ ಅವರ ಇತರ ಕಾಯಿಲೆಗಳಾಗಲಿ ಬಡತನವಾಗಲಿ ಪೂರ್ಣ ವಿವರಣೆ ಕೊಡಲಾರವು ಎಂಬುದೂ ಕಂಡಿತು. ಜಿಪಿಯ ಕಡತದಲ್ಲಿ ಕಾಯಿಲೆಗಳಿದ್ದವು, ಮರಣದ ನೋಂದಣಿಯಲ್ಲಿ ಕಾರಣವಿತ್ತು. ಒಂದನ್ನು ಬಿಟ್ಟು ಇನ್ನೊಂದು ಈ ಉತ್ತರ ಕೊಡುತ್ತಿರಲಿಲ್ಲ.

ಅಷ್ಟು ಸುದ್ದಿಯಾಗದ, ಆದರೆ ನನ್ನ ಮಟ್ಟಿಗೆ ಅಷ್ಟೇ ಮುಖ್ಯವಾದ ಕೆಲಸ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಸಂಬಂಧಿಸಿದ್ದು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಇರುವವರು ಉಳಿದವರಿಗಿಂತ ಸರಾಸರಿ 15ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಅವರಲ್ಲಿ ಬಹಳಷ್ಟು ಮಂದಿಯನ್ನು ಬಲಿ ತೆಗೆದುಕೊಳ್ಳುವುದು ಹೃದಯದ, ಶ್ವಾಸಕೋಶದ ಕಾಯಿಲೆಗಳು, ತಡೆಯಬಹುದಾದವು. ವರ್ಷಕ್ಕೊಮ್ಮೆ ಅವರ ತೂಕ, ರಕ್ತದೊತ್ತಡ, ಸಕ್ಕರೆ, ಕೊಬ್ಬು ಪರೀಕ್ಷಿಸಿ, ಧೂಮಪಾನ ಮತ್ತು ಮದ್ಯಪಾನದ ಬಗ್ಗೆ ವಿಚಾರಿಸಬೇಕೆಂಬ ನಿಯಮವಿದೆ. ಮನೋವೈದ್ಯರು ಅದನ್ನು ಜಿಪಿ ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ, ಜಿಪಿ ಮನೋವೈದ್ಯರು ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ. ಎರಡೂ ಕಡೆಯ ದಾಖಲೆಗಳನ್ನು ಜೋಡಿಸಿದರೆ ಯಾರೂ ಪರೀಕ್ಷಿಸದೆ ಬಿಟ್ಟವರ ಹೆಸರುಗಳು ಅದೇ ದಿನ ಕಣ್ಣಿಗೆ ಬೀಳುತ್ತವೆ. ಇಷ್ಟು ಸರಳ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯ ಅಗತ್ಯವಿಲ್ಲ.

ಮುಂದೆ ಯಾರು ಆಸ್ಪತ್ರೆಗೆ ಬೀಳುತ್ತಾರೆ ಎಂದು ಕಂಪ್ಯೂಟರ್ ಹೇಳಬಲ್ಲದೇ?

ಸ್ವಲ್ಪ ಮಟ್ಟಿಗೆ. 2016ರಲ್ಲಿ ಪ್ರಕಟವಾದ ವಿದ್ಯುನ್ಮಾನ ಅಶಕ್ತತೆ ಸೂಚ್ಯಂಕ ಜಿಪಿ ದಾಖಲೆಗಳಲ್ಲಿ ಈಗಾಗಲೇ ಇರುವ 36 ಬಗೆಯ ಕುಂದುಗಳನ್ನು ಎಣಿಸಿ ವೃದ್ಧರ ದುರ್ಬಲತೆಯನ್ನು ಅಂದಾಜು ಮಾಡುತ್ತದೆ. ಹೊಸ ಪರೀಕ್ಷೆ ಏನೂ ಬೇಡ. 65 ದಾಟಿದವರಲ್ಲಿ ಅಶಕ್ತರನ್ನು ಗುರುತಿಸಬೇಕೆಂದು 2017ರ ಜಿಪಿ ಒಪ್ಪಂದ ವಿಧಿಸಿದ ಮೇಲೆ ಇದು ವ್ಯಾಪಕವಾಗಿ ಬಳಕೆಗೆ ಬಂದಿತು.

ಆದರೆ ಊಹಿಸುವುದು ಒಂದು ಕೆಲಸ, ತಪ್ಪಿಸುವುದು ಮತ್ತೊಂದು. ವೇಲ್ಸಿನ ಸ್ವಾನ್ಸಿ ಸುತ್ತಲಿನ 32 ಜಿಪಿ ಕೇಂದ್ರಗಳಿಗೆ ಪ್ರಿಸಂ ಎಂಬ ಅಪಾಯ ಅಂದಾಜಿನ ಸಾಧನವನ್ನು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಾಗ ಹಲವರು ಬೆಚ್ಚಿದರು. ತುರ್ತು ದಾಖಲಾತಿಗಳು ಇಳಿಯುವ ಬದಲು ಏರಿದ್ದವು. ಪಟ್ಟಿ ಕೈಗೆ ಬಂದಾಗ ವೈದ್ಯರ ಕಣ್ಣಿಗೆ ಹೆಚ್ಚು ರೋಗಿಗಳು ಬೀಳುತ್ತಾರೆ; ಮನೆಯಲ್ಲೇ ನೋಡಿಕೊಳ್ಳುವ ನರ್ಸ್, ಆರೈಕೆ ಸಹಾಯಕರು ಹೆಚ್ಚದಿದ್ದರೆ ಉಳಿಯುವ ದಾರಿ ಆಸ್ಪತ್ರೆಯೊಂದೇ. ಏರಿಕೆಯನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ.

ಇನ್ನೊಂದು ಬಲೆ ಇದೆ, ಅದರಲ್ಲಿ ಅನುಭವಿಗಳೂ ಸಿಲುಕುತ್ತಾರೆ. ಈ ವರ್ಷ ಐದು ಬಾರಿ ಆಸ್ಪತ್ರೆ ಸೇರಿದವರನ್ನು ಆರಿಸಿ ವಿಶೇಷ ಆರೈಕೆ ಕೊಡುತ್ತೀರಿ. ಮುಂದಿನ ವರ್ಷ ಅವರು ಎರಡೇ ಬಾರಿ ಸೇರುತ್ತಾರೆ. ಯೋಜನೆ ಗೆದ್ದಿತು ಎಂದು ವರದಿಯಾಗುತ್ತದೆ. ಆದರೆ ಏನೂ ಮಾಡದಿದ್ದರೂ ಅವರಲ್ಲಿ ಹಲವರು ಕಡಿಮೆ ಬಾರಿಯೇ ಸೇರುತ್ತಿದ್ದರು, ಏಕೆಂದರೆ ನೀವು ಅವರನ್ನು ಹಿಡಿದದ್ದು ಅವರ ಅತ್ಯಂತ ಕೆಟ್ಟ ವರ್ಷದಲ್ಲಿ. ಅದೇ ಬಗೆಯ, ಆರೈಕೆ ಪಡೆಯದ ಗುಂಪಿನೊಂದಿಗೆ ಹೋಲಿಸದೆ ಹೇಳಿದ ಯಾವ ಯಶಸ್ಸನ್ನೂ ನಂಬಬೇಡಿ.

ಅತಿ ಅಪಾಯದವರ ಪಟ್ಟಿಯ ಮೇಲಷ್ಟೇ ಕಣ್ಣಿಡುವುದರಲ್ಲೂ ತೊಡಕಿದೆ. ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಜೆಫ್ರಿ ರೋಸ್ 1980ರ ದಶಕದಲ್ಲಿ ತೋರಿಸಿಕೊಟ್ಟಂತೆ, ದೊಡ್ಡ ಅಪಾಯವಿರುವ ಕೆಲವರಿಗಿಂತ ಸಣ್ಣ ಅಪಾಯವಿರುವ ಬಹಳಷ್ಟು ಮಂದಿಯಿಂದಲೇ ಹೆಚ್ಚು ರೋಗಿಗಳು ಹುಟ್ಟಬಹುದು. ಎಲ್ಲರ ಊಟದಲ್ಲಿ ಸ್ವಲ್ಪ ಉಪ್ಪು ತಗ್ಗಿಸುವ ಕ್ರಮ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಲೆಕ್ಕಾಚಾರಗಳು ಪಕ್ಷಪಾತ ಮಾಡುತ್ತವೆಯೇ?

ಮಾಡುತ್ತವೆ, ಅದೂ ಯಾರೂ ಬೇಕೆಂದು ಮಾಡದೆ. ಅಮೆರಿಕದಲ್ಲಿ ಬಹಳ ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಸೂತ್ರವನ್ನು ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು 2019ರಲ್ಲಿ ಪರೀಕ್ಷಿಸಿದರು. ಆ ಸೂತ್ರ ಯಾರಿಗೆ ಹೆಚ್ಚು ಆರೈಕೆ ಬೇಕು ಎಂಬುದನ್ನು ಅವರ ಚಿಕಿತ್ಸೆಗೆ ಆಗುವ ಖರ್ಚಿನಿಂದ ಅಳೆಯುತ್ತಿತ್ತು. ಕಪ್ಪು ವರ್ಣೀಯರಿಗೆ ಚಿಕಿತ್ಸೆಯೇ ಕಡಿಮೆ ಸಿಗುತ್ತಿದ್ದುದರಿಂದ ಅವರ ಖರ್ಚೂ ಕಡಿಮೆ. ಆದ್ದರಿಂದ ಅವರು ಆರೋಗ್ಯವಂತರು ಎಂದು ಸೂತ್ರ ತೀರ್ಮಾನಿಸಿತು. ಇದನ್ನು ಸರಿಪಡಿಸಿದರೆ ಹೆಚ್ಚುವರಿ ನೆರವು ಪಡೆಯುವವರಲ್ಲಿ ಅವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತಿತ್ತು. ಸಮಗ್ರ ಆರೈಕೆಯಲ್ಲಿ ಆಸ್ಪತ್ರೆ ಬಳಕೆಯನ್ನೇ ಅಗತ್ಯ ಎಂದು ಎಣಿಸುವ ಪ್ರತಿಯೊಬ್ಬರೂ ಈ ಅಂಕಿಗಳನ್ನು ನೆನಪಿಡಬೇಕು. ಬಳಕೆ ಅಗತ್ಯವನ್ನಷ್ಟೇ ಅಳೆಯುವುದಿಲ್ಲ. ಸೇವೆಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಅಳೆಯುತ್ತದೆ.

ನನ್ನ ದಾಖಲೆ ಯಾರ ಕಣ್ಣಿಗೆ ಬೀಳುತ್ತದೆ?

ನಿಮಗೆ ಚಿಕಿತ್ಸೆ ನೀಡುವವರು ಹೆಸರು ಸಮೇತ ನೋಡುತ್ತಾರೆ. ಪ್ರದೇಶದ ಯೋಜನೆ ರೂಪಿಸುವ ವಿಶ್ಲೇಷಕರಿಗೆ ಹೆಸರು, ವಿಳಾಸ ಕಾಣಬಾರದು. ಎನ್‌ಎಚ್‌ಎಸ್ ಸಂಖ್ಯೆಯ ಜಾಗದಲ್ಲಿ ಒಂದು ಗುಪ್ತ ಸಂಕೇತ ಇರುತ್ತದೆ. ವಿಶ್ಲೇಷಣೆಯಿಂದ ಯಾರಿಗೋ ನೆರವು ಬೇಕೆಂದು ಕಂಡುಬಂದರೆ ಆ ಸಂಕೇತವನ್ನು ಮತ್ತೆ ಹೆಸರಾಗಿ ಬಿಡಿಸುವ ಹಕ್ಕು ಅವರ ಜಿಪಿಯಂಥ ನೇರ ಆರೈಕೆ ನೀಡುವವರಿಗೆ ಮಾತ್ರ.

ಹೆಸರು ತೆಗೆದುಬಿಟ್ಟರೆ ಸಾಕಲ್ಲವೇ?

ಸಾಲದು. ಅಂಚೆ ಸಂಕೇತ, ಜನ್ಮದಿನಾಂಕ, ಲಿಂಗ ಈ ಮೂರೇ ಸೇರಿದರೆ ಅಮೆರಿಕದ ಶೇಕಡಾ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ದಾಖಲೆ ಜೋಡಿಸಿದಷ್ಟೂ ಅದು ಒಬ್ಬರ ಬದುಕಿನ ಸ್ಪಷ್ಟ ಚಿತ್ರವಾಗುತ್ತದೆ. ಉಪಯೋಗವೂ ಅದರಿಂದಲೇ, ಅಪಾಯವೂ ಅದರಿಂದಲೇ.

ಹಾಗಾಗಿ ದತ್ತಾಂಶದ ಪ್ರತಿಗಳನ್ನು ಹಂಚುವ ಪದ್ಧತಿ ನಿಲ್ಲಬೇಕು. ವೈದ್ಯ ಬೆನ್ ಗೋಲ್ಡೇಕರ್ ನೇತೃತ್ವದಲ್ಲಿ ಆರೋಗ್ಯ ದತ್ತಾಂಶದ ಬಳಕೆ ಕುರಿತು ಬಂದ 2022ರ ಪರಿಶೀಲನಾ ವರದಿ ಕೊಟ್ಟ ಸಲಹೆಯೂ ಇದೇ: ದತ್ತಾಂಶ ಭದ್ರವಾದ ಒಂದು ಕೋಣೆಯಲ್ಲಿ ಇರಲಿ, ಸಂಶೋಧಕರು ಅಲ್ಲಿಗೇ ಹೋಗಿ ಕೆಲಸ ಮಾಡಲಿ, ಹೊರಗೆ ತರುವುದು ಕೋಷ್ಟಕ ಮತ್ತು ನಕ್ಷೆಗಳನ್ನು ಮಾತ್ರ. ಓಪನ್‌ಸೇಫ್ಲಿಯಲ್ಲಿ ಸಂಶೋಧಕರು ರೋಗಿಗಳ ದಾಖಲೆಗಳನ್ನು ನೇರವಾಗಿ ನೋಡುವುದೇ ಇಲ್ಲ. ಅವರು ಬರೆದ ಕಂಪ್ಯೂಟರ್ ಆದೇಶ ಒಳಗೆ ಹೋಗುತ್ತದೆ, ಉತ್ತರ ಹೊರಗೆ ಬರುತ್ತದೆ, ಯಾರು ಏನು ಕೇಳಿದರು ಎಂಬುದು ಸಾರ್ವಜನಿಕವಾಗಿ ದಾಖಲಾಗುತ್ತದೆ. ಕೀಲಿಯನ್ನು ಯಾರು ಬಳಸಿದರೆಂದು ಊರಿಗೇ ಕಾಣುವಂತಿರುವುದು ನನಗೆ ಅತ್ಯಂತ ಮೆಚ್ಚಿನ ಅಂಶ.

ನನ್ನ ದಾಖಲೆ ಬೇಡ ಎನ್ನಬಹುದೇ?

ಹೌದು. 2018ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ದತ್ತಾಂಶ ನಿರಾಕರಣೆಯ ಮೂಲಕ ನಿಮ್ಮ ಗೋಪ್ಯ ಮಾಹಿತಿ ಸಂಶೋಧನೆಗೆ ಮತ್ತು ಯೋಜನೆಗೆ ಬಳಕೆಯಾಗುವುದನ್ನು ತಡೆಯಬಹುದು. ಜಿಪಿ ಕೇಂದ್ರದಿಂದ ಇಂಥ ಉದ್ದೇಶಗಳಿಗೆ ಮಾಹಿತಿ ಹೊರಹೋಗದಂತೆ ಮಾಡಲು ಬೇರೆಯೇ ಒಂದು ಅರ್ಜಿ ಇದೆ. ಯಾವುದೂ ನಿಮ್ಮ ಸ್ವಂತ ಚಿಕಿತ್ಸೆಗೆ ಅಡ್ಡಿಯಾಗುವುದಿಲ್ಲ. ಗುರುತು ಹಿಡಿಯಲಾಗದಂತೆ ಮಾಡಿದ ಮಾಹಿತಿಗೆ ಮತ್ತು ಕಾನೂನು ಕಡ್ಡಾಯಗೊಳಿಸಿದ ಸಂದರ್ಭಗಳಿಗೆ ರಾಷ್ಟ್ರೀಯ ನಿರಾಕರಣೆ ಅನ್ವಯಿಸುವುದಿಲ್ಲ.

ಜನರಿಗೆ ಇದರ ಬಗ್ಗೆ ಇಷ್ಟು ಅನುಮಾನ ಏಕೆ?

ಅನುಮಾನಕ್ಕೆ ಕಾರಣಗಳಿವೆ, ಅವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಕೇರ್ ಡಾಟಾ ಎಂಬ ಯೋಜನೆ ಇಂಗ್ಲೆಂಡಿನ ಜಿಪಿ ದಾಖಲೆಗಳನ್ನು ಕೇಂದ್ರಕ್ಕೆ ತರಲು ಹೊರಟಿತ್ತು. 2014ರ ಆರಂಭದಲ್ಲಿ ಮನೆಮನೆಗೆ ಕರಪತ್ರ ಹಂಚಿದರು. ಅದನ್ನು ಕಂಡೇ ಇಲ್ಲ ಎಂದವರು ಅನೇಕರು. ವಿರೋಧ ಎದ್ದು ಯೋಜನೆ ಆಗಲೇ ನಿಂತಿತು, 2016ರಲ್ಲಿ ಮುಚ್ಚಿತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸುಮಾರು 16 ಲಕ್ಷ ರೋಗಿಗಳ ಮಾಹಿತಿಯನ್ನು ಗೂಗಲ್ ಒಡೆತನದ ಡೀಪ್‌ಮೈಂಡ್‌ಗೆ ಕೊಟ್ಟದ್ದು ದತ್ತಾಂಶ ರಕ್ಷಣಾ ಕಾನೂನಿಗೆ ಅನುಗುಣವಾಗಿರಲಿಲ್ಲ ಎಂದು ಆ ಕಾನೂನಿನ ಮೇಲ್ವಿಚಾರಕರಾದ ಮಾಹಿತಿ ಆಯುಕ್ತರು 2017ರಲ್ಲಿ ತೀರ್ಮಾನಿಸಿದರು. ವಲಸೆ ನಿಯಂತ್ರಣಕ್ಕಾಗಿ ರೋಗಿಗಳ ವಿಳಾಸಗಳನ್ನು ಗೃಹ ಇಲಾಖೆಗೆ ಕೊಡುವ ಒಪ್ಪಂದವೊಂದು 2018ರಲ್ಲಿ ರದ್ದಾಗುವವರೆಗೂ ಇತ್ತು. ವೈದ್ಯರ ಬಳಿ ಹೋಗಲು ಹೆದರಿದ ವಲಸಿಗರ ಭಯಕ್ಕೆ ಆಧಾರವಿತ್ತು. 2021ರಲ್ಲಿ ಜಿಪಿ ದತ್ತಾಂಶ ಸಂಗ್ರಹದ ಮತ್ತೊಂದು ಯತ್ನ ನಡೆದಾಗ ಕೆಲವೇ ವಾರಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು, ಯೋಜನೆಯನ್ನು ಮುಂದೂಡಲಾಯಿತು.

ಪ್ರತಿ ಬಾರಿಯೂ ವಿವರಣೆ ಕೊಡಲು ಓಡಿದ್ದು ಜನ ಸಿಡಿದೆದ್ದ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹೀಗೆ ಹೊರಗುಳಿದವರ ಜೊತೆಗೆ ಅವರಂಥ ಜನರ ಅಗತ್ಯಗಳೂ ಲೆಕ್ಕದಿಂದ ಹೊರಗುಳಿಯುತ್ತವೆ. ಆದ್ದರಿಂದ ನಂಬಿಕೆ ಕಳೆದುಕೊಳ್ಳುವುದು ದತ್ತಾಂಶದ ಗುಣಮಟ್ಟವನ್ನೇ ಕಳೆದುಕೊಳ್ಳುವುದು.

ಹಾಗಾದರೆ ಹಂಚದೇ ಇರುವುದೇ ಸುರಕ್ಷಿತವಲ್ಲವೇ?

ಅಲ್ಲ. ರೋಗಿಗಳ ಗೋಪ್ಯತೆಯ ತತ್ವಗಳನ್ನು 1997ರಲ್ಲಿ ರೂಪಿಸಿಕೊಟ್ಟ ಡೇಮ್ ಫಿಯೋನಾ ಕಾಲ್ಡಿಕಾಟ್ 2013ರಲ್ಲಿ ಅವಕ್ಕೆ ಏಳನೆಯದನ್ನು ಸೇರಿಸಿದರು: ಮಾಹಿತಿ ಹಂಚಿಕೊಳ್ಳುವ ಕರ್ತವ್ಯವೂ ಗೋಪ್ಯತೆ ಕಾಪಾಡುವ ಕರ್ತವ್ಯದಷ್ಟೇ ಮುಖ್ಯವಾಗಬಹುದು. ಜಾರಿ ಬಿದ್ದ ಆ ಮಹಿಳೆಯ ಆಂಬುಲೆನ್ಸ್ ದಾಖಲೆಯನ್ನು ಯಾರೂ ನೋಡದಿರುವುದರಿಂದ ಆಗುವ ಹಾನಿಗೆ ದೂರುದಾರರು ಇರುವುದಿಲ್ಲ, ಅಷ್ಟೇ.

ಖಾಸಗಿ ಕಂಪನಿಗಳಿಗೆ ಇದರಲ್ಲಿ ಏನು ಪಾತ್ರ?

ತಂತ್ರಾಂಶ ಒದಗಿಸುವ ಪಾತ್ರ ದೊಡ್ಡದು. ಎನ್‌ಎಚ್‌ಎಸ್ ಇಂಗ್ಲೆಂಡ್ 2023ರ ನವೆಂಬರ್‌ನಲ್ಲಿ ಪ್ಯಾಲಂಟಿರ್ ಎಂಬ ಅಮೆರಿಕದ ತಂತ್ರಾಂಶ ಕಂಪನಿಯ ನೇತೃತ್ವದ ಕೂಟಕ್ಕೆ ದತ್ತಾಂಶ ಜೋಡಿಸುವ ವೇದಿಕೆಗಾಗಿ ಏಳು ವರ್ಷಗಳಲ್ಲಿ 33 ಕೋಟಿ ಪೌಂಡ್‌ವರೆಗಿನ ಗುತ್ತಿಗೆ ನೀಡಿತು. ಅದರ ಸುತ್ತ ವಾದ ಇನ್ನೂ ತಣ್ಣಗಾಗಿಲ್ಲ. ಗುತ್ತಿಗೆದಾರರು ಯಾರೇ ಇರಲಿ, ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಿ: ದತ್ತಾಂಶದ ನಿಯಂತ್ರಣ ಯಾರದು, ಗುತ್ತಿಗೆ ಮುಗಿದ ದಿನ ಅದು ಎಲ್ಲಿಗೆ ಹೋಗುತ್ತದೆ, ಬೇರೆ ಕಂಪನಿಗೆ ಬದಲಾಯಿಸಲು ಎಷ್ಟು ಖರ್ಚು.

ದತ್ತಾಂಶದಲ್ಲಿ ಇಲ್ಲವೇ ಇಲ್ಲದವರ ಗತಿ?

ಸೂರಿಲ್ಲದವರು, ಆಶ್ರಯ ಕೋರಿ ಬಂದವರು, ಅಲೆಮಾರಿ ಸಮುದಾಯಗಳು ಯಾವ ಪಟ್ಟಿಯಲ್ಲೂ ಕಾಣದೇ ಹೋಗಬಹುದು. ಇಂಗ್ಲೆಂಡಿನಲ್ಲಿ ಜಿಪಿ ಬಳಿ ನೋಂದಾಯಿಸಿಕೊಳ್ಳಲು ವಿಳಾಸದ ಪುರಾವೆಯಾಗಲಿ ವಲಸೆ ಸ್ಥಿತಿಯ ದಾಖಲೆಯಾಗಲಿ ಕಡ್ಡಾಯವಲ್ಲ. ಈ ವಿಷಯ ಗೊತ್ತಿಲ್ಲದೆ ಹಿಂದೆ ಸರಿದವರು ಅನೇಕರು; ನಿಮಗೆ ಅಂಥವರು ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ದಾಖಲೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೂ ಇದೇ ಎಚ್ಚರ ಬೇಕು. ರಕ್ತದೊತ್ತಡದ ಖಾನೆ ಖಾಲಿ ಇದ್ದರೆ ರಕ್ತದೊತ್ತಡ ಸರಿ ಇದೆ ಎಂದು ಅರ್ಥವಲ್ಲ, ಯಾರೂ ನೋಡಿಲ್ಲ ಎಂದು ಅರ್ಥ.

ನಮ್ಮ ತಂಡ ಈ ಕೆಲಸ ಆರಂಭಿಸಬೇಕಿದೆ. ಎಲ್ಲಿಂದ ಶುರು ಮಾಡೋಣ?

ದತ್ತಾಂಶದಿಂದ ಶುರು ಮಾಡಬೇಡಿ. ನಿಮ್ಮ ಪ್ರದೇಶದ ನರ್ಸ್‌ಗಳು, ಆರೈಕೆ ಸಹಾಯಕರು, ಸ್ವಯಂಸೇವಕರನ್ನು ಕೂರಿಸಿಕೊಂಡು, ಯಾರು ಇವರ ಕೈಗೆ ಸಿಗದೆ ಜಾರುತ್ತಿದ್ದಾರೆ ಎಂದು ಕೇಳಿ. ಆ ಉತ್ತರಗಳಿಂದ ಒಂದೇ ಒಂದು ಪ್ರಶ್ನೆಯನ್ನು ಆರಿಸಿ, ಅದಕ್ಕೆ ಬೇಕಾದ ಎರಡೋ ಮೂರೋ ದಾಖಲೆಗಳನ್ನು ಮಾತ್ರ ಜೋಡಿಸಿ. ಸಂಸ್ಥೆಗಳ ನಡುವಿನ ಒಪ್ಪಂದಗಳಿಗೆ ತಂತ್ರಜ್ಞಾನಕ್ಕಿಂತ ಹೆಚ್ಚು ತಿಂಗಳುಗಳು ಹಿಡಿಯುತ್ತವೆ, ಅದಕ್ಕೆ ಮೊದಲೇ ಸಿದ್ಧರಾಗಿರಿ.

ಪಟ್ಟಿಯ ಉದ್ದವನ್ನು ಗಣಿತ ನಿರ್ಧರಿಸಬಾರದು. ನಿಮ್ಮ ನರ್ಸ್ ವಾರಕ್ಕೆ 12 ಮನೆಗಳಿಗೆ ಹೋಗಬಲ್ಲರಾದರೆ ಅವರ ಕೈಗೆ 12 ಹೆಸರುಗಳನ್ನು ಕೊಡಿ. 400 ಹೆಸರುಗಳ ಪಟ್ಟಿ ಯಾರೂ ತೆರೆಯದ ಕಡತವಾಗುತ್ತದೆ. ಅವರು ಹಿಂತಿರುಗಿದಾಗ ಕಂಡದ್ದನ್ನು ಕೇಳಿ ಬರೆದುಕೊಳ್ಳಿ: ಈ ವಿಳಾಸದಲ್ಲಿ ಈಗ ಬೇರೆಯವರಿದ್ದಾರೆ, ಇವರು ಕಳೆದ ತಿಂಗಳು ತೀರಿಕೊಂಡರು, ಇವರಿಗೆ ಮಾತ್ರೆಗಿಂತ ಮೊದಲು ಮೆಟ್ಟಿಲಿಗೊಂದು ಹಿಡಿಗಂಬಿ ಬೇಕು. ಮುಂದಿನ ವಾರದ ಪಟ್ಟಿಯನ್ನು ಆ ಟಿಪ್ಪಣಿಗಳನ್ನು ಓದಿದ ಮೇಲೆ ತಯಾರಿಸಿ.